ಬೆಂಚಿನ ಮೇಲೊಂದು ವರ್ಷ

28 ಪಂದ್ಯ, 26 ಗೆಲುವು, 2 ಸೋಲು. ಅಲಬಾಮ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿ ಆಟ ಶುರುಮಾಡಿದ ಪಂದ್ಯಗಳಲ್ಲಿ ಜೇಲೆನ್ ಹರ್ಟ್ಸ್ ಬಿಟ್ಟುಹೋದ ಲೆಕ್ಕ ಇದು. 26ನೇ ಗೆಲುವು 2018ರ ಜನವರಿ 8ರಂದು ನಡೆದ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ ಫೈನಲ್‌ನದು. ದಾಖಲೆಯಲ್ಲಿ ಆ ಗೆಲುವು ಅವನ ಹೆಸರಿಗೇ ಇದೆ. ಆದರೆ ಆ ರಾತ್ರಿ ವಿರಾಮದ ಹೊತ್ತಿಗೆ ಅವನನ್ನು ಹೊರಗೆ ಕೂರಿಸಿ, ಇನ್ನೊಬ್ಬ ಹುಡುಗನ ಕೈಗೆ ಚೆಂಡು ಕೊಟ್ಟು ಅಲಬಾಮ ಗೆದ್ದಿತ್ತು. ಆಗ ಹರ್ಟ್ಸ್‌ಗೆ 19 ವರ್ಷ.

ಮುಂದಿನ ಒಂದು ವರ್ಷ ಅವನು ಅದೇ ತಂಡದ ಬೆಂಚಿನ ಮೇಲೆ ಕಳೆದ. ಆ ವರ್ಷದ ಬಗ್ಗೆ ಅಮೆರಿಕದಲ್ಲಿ ಬೇಕಾದಷ್ಟು ಬರೆದಿದ್ದಾರೆ. ಹೆಚ್ಚಿನವರು ಅದನ್ನು ತಾಳ್ಮೆಯ ಕಥೆಯಾಗಿ, ನಿಷ್ಠೆಯ ಕಥೆಯಾಗಿ ಹೇಳುತ್ತಾರೆ. ನನಗೆ ಅದು ಅಷ್ಟಕ್ಕೇ ಮುಗಿಯುವ ಮಾತು ಅನ್ನಿಸುವುದಿಲ್ಲ. ಅವನು ಉಳಿದದ್ದು ತಲೆತಗ್ಗಿಸಿ ಅಲ್ಲ. ತನಗೇನು ಬೇಕೆಂದು ಲೆಕ್ಕಹಾಕಿ, ಹೇಳಬೇಕಾದ್ದನ್ನು ಎದುರಿಗೇ ಹೇಳಿ ಉಳಿದ.

ಕಾಲೇಜು ಫುಟ್‌ಬಾಲ್ ಅಂದರೆ ಅಲ್ಲಿ ಏನು ಎಂಬುದನ್ನು ಮೊದಲು ಹೇಳಬೇಕು, ಏಕೆಂದರೆ ನಮ್ಮ ಅಂತರ-ಕಾಲೇಜು ಕ್ರೀಡೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅದರ ಗಾತ್ರ ಅಂದಾಜಿಗೆ ಸಿಗುವುದಿಲ್ಲ. ವಿಶ್ವವಿದ್ಯಾಲಯ ಇರುವ ಟಸ್ಕಲೂಸ ಊರಿನ ಜನಸಂಖ್ಯೆ ಸುಮಾರು ಒಂದು ಲಕ್ಷ. ಅಲ್ಲಿನ ಬ್ರಯಾಂಟ್-ಡೆನ್ನಿ ಕ್ರೀಡಾಂಗಣದಲ್ಲೂ ಲಕ್ಷ ಜನ ಕೂರಬಹುದು. ಇಂಥ ಊರುಗಳಿಗೆ ಎಂ.ಎಸ್. ಓದಲು ಬೆಂಗಳೂರು, ಮೈಸೂರುಗಳಿಂದ ಹೋದ ಹುಡುಗರು ಮೊದಲ ಸೆಪ್ಟೆಂಬರ್‌ನಲ್ಲೇ ಒಂದು ಪಾಠ ಕಲಿಯುತ್ತಾರೆ: ತವರಿನ ಪಂದ್ಯವಿರುವ ಶನಿವಾರ ಕಾರು ಹೊರಗೆ ತೆಗೆಯಬಾರದು. ಆಡುವವರು 18ರಿಂದ 22ರ ವಿದ್ಯಾರ್ಥಿಗಳು. ಅಲಬಾಮದ ಆಗಿನ ಕೋಚ್ ನಿಕ್ ಸೇಬನ್ ಅವರ ವರ್ಷದ ಸಂಬಳ ಹರ್ಟ್ಸ್‌ನ ಕಾಲಕ್ಕಾಗಲೇ 70 ಲಕ್ಷ ಡಾಲರ್ ದಾಟಿತ್ತು. ಹುಡುಗರಿಗೆ ಸಿಗುತ್ತಿದ್ದದ್ದು ವಿದ್ಯಾರ್ಥಿವೇತನ: ಶುಲ್ಕ, ವಸತಿ, ಊಟ, ಸ್ವಲ್ಪ ಕೈಖರ್ಚು.

ಇನ್ನು ಆಟ. ಹನ್ನೊಂದು ಜನರ ತಂಡ, ನೂರು ಗಜದ ಅಂಗಳ. ಚೆಂಡು ಕೈಲಿರುವ ತಂಡ ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು ಯತ್ನ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಚೆಂಡನ್ನು ಅಂಗಳದ ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್. ಪ್ರತಿ ಯತ್ನವೂ ಶುರುವಾಗುವುದು ಕ್ವಾರ್ಟರ್‌ಬ್ಯಾಕ್‌ನ ಕೈಯಿಂದ. ಯಕ್ಷಗಾನದಲ್ಲಿ ಭಾಗವತರು ಪದ ಎತ್ತದೆ ಪಾತ್ರ ಕದಲುವುದಿಲ್ಲವಲ್ಲ, ಇಲ್ಲಿ ಅವನದು ಆ ಜಾಗ. ಚೆಂಡು ಕೈಗೆ ಬಂದಮೇಲೆ ಅವನಿಗೆ ಸಿಗುವುದು ಎರಡೂವರೆ, ಮೂರು ಸೆಕೆಂಡು. ಅಷ್ಟರಲ್ಲಿ ಎದುರು ಪಡೆ ಹೇಗೆ ನಿಂತಿದೆ ಎಂದು ನೋಡಿ, ದೂರ ಓಡುತ್ತಿರುವವರಲ್ಲಿ ಯಾರು ಬಿಡುವಾಗಿದ್ದಾರೆ ಎಂದು ಹುಡುಕಿ, ಎಸೆಯಬೇಕು. ಇಲ್ಲವೇ ಪಕ್ಕದವನ ಕೈಗೆ ಕೊಡಬೇಕು. ಅದೂ ಆಗದಿದ್ದರೆ ತಾನೇ ಓಡಬೇಕು. ನೂರಿಪ್ಪತ್ತು, ನೂರೈವತ್ತು ಕಿಲೋ ತೂಗುವವರು ಅವನನ್ನು ಕೆಡವಲು ಬರುತ್ತಿರುತ್ತಾರೆ. ಉಳಿದ ಜಾಗಗಳಲ್ಲಿ ಆಟಗಾರರು ಸರದಿಯ ಮೇಲೆ ಒಳಗೆ ಹೊರಗೆ ಹೋಗುತ್ತಾರೆ. ಈ ಜಾಗದಲ್ಲಿ ಒಬ್ಬ ಆಡುತ್ತಿದ್ದರೆ ಎರಡನೆಯವನಿಗೆ ಕೆಲಸವಿಲ್ಲ. ಮೊದಲನೆಯವನಿಗೆ ಪೆಟ್ಟಾಗುವವರೆಗೆ ಅಥವಾ ಅವನು ಸೋಲುವವರೆಗೆ ಕಾಯುವುದೇ ಎರಡನೆಯವನ ಪಾಡು.

ಹರ್ಟ್ಸ್ ಹುಟ್ಟಿದ್ದು 1998ರ ಆಗಸ್ಟ್ 7ರಂದು, ಟೆಕ್ಸಸ್‌ನ ಹ್ಯೂಸ್ಟನ್‌ನಲ್ಲಿ. ಬೆಳೆದದ್ದು ಆ ನಗರದ ಪೂರ್ವಕ್ಕಿರುವ ಚಾನೆಲ್‌ವ್ಯೂ ಎಂಬ ದುಡಿಯುವ ಜನರ ಊರಲ್ಲಿ. ತಂದೆ ಅವೇರಿಯನ್ ಹರ್ಟ್ಸ್ ಅಲ್ಲಿನ ಹೈಸ್ಕೂಲಿನ ಫುಟ್‌ಬಾಲ್ ಕೋಚ್. ಅಣ್ಣ ಅದೇ ಶಾಲೆಯ ಕ್ವಾರ್ಟರ್‌ಬ್ಯಾಕ್ ಆಗಿದ್ದ, ಇವನೂ ಆದ. ಕೋಚ್‌ನ ಮಗನಾಗಿ ಬೆಳೆದವನಿಗೆ ಗೆದ್ದ ದಿನವೂ ಮನೆಯಲ್ಲಿ ಆಟದ ತಪ್ಪುಗಳೇ ಮಾತು. ಭಾರ ಎತ್ತುವ ಸ್ಪರ್ಧೆಗೂ ಅವನು ಇಳಿಯುತ್ತಿದ್ದ; ಬೆನ್ನ ಮೇಲೆ 500 ಪೌಂಡ್ ಹೊತ್ತು ಕುಳಿತು ಏಳುತ್ತಿದ್ದ. ಈಗಲೂ ಅವನ ಆಟದಲ್ಲಿ ಎದ್ದು ಕಾಣುವುದು ಆ ತೊಡೆಗಳ ಬಲ, ಮತ್ತೆ ಗೆದ್ದರೂ ಸೋತರೂ ಬದಲಾಗದ ಮುಖ.

ಅಲಬಾಮ ಸೇರಿದ್ದು 2016ರಲ್ಲಿ. ಮೊದಲ ಪಂದ್ಯ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿರುದ್ಧ. ಆಟ ಶುರುಮಾಡಿದವನು ಬೇರೊಬ್ಬ. ಹರ್ಟ್ಸ್‌ನನ್ನು ನಡುವೆ ಒಳಗೆ ಕಳಿಸಿದರು. ತನ್ನ ಕಾಲೇಜು ಜೀವನದ ಮೊದಲ ಯತ್ನದಲ್ಲೇ ಅವನು ಚೆಂಡು ಕೈಬಿಟ್ಟ, ಅದು ಎದುರಾಳಿಗೆ ಹೋಯಿತು. ಹದಿನೆಂಟರ ಹುಡುಗನ ಪಾಲಿಗೆ ಆ ಒಂದು ತಪ್ಪು ಇಡೀ ವರ್ಷವನ್ನು ನುಂಗಬಹುದಿತ್ತು. ಸೇಬನ್ ಮತ್ತೆ ಅವನನ್ನೇ ಆಡಿಸಿದರು. ಅಲಬಾಮ 52–6ರಿಂದ ಗೆದ್ದಿತು. ಮುಂದಿನ ವಾರದಿಂದ ಜಾಗ ಅವನದೇ. ಮೊದಲ ವರ್ಷದ ವಿದ್ಯಾರ್ಥಿಯೊಬ್ಬ ಅಲಬಾಮದಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿ ಆಟ ಆರಂಭಿಸಿದ್ದು 1984ರ ನಂತರ ಅದೇ ಮೊದಲು.

ಕಪ್ಪು ಹುಡುಗನಾದ ಹರ್ಟ್ಸ್‌ಗೆ ಆ ಜಾಗ ಸಿಕ್ಕಿದ್ದರ ತೂಕ ತಿಳಿಯಲು ಆ ಆವರಣದ ಇತಿಹಾಸವನ್ನೂ ನೆನೆಯಬೇಕು. 1963ರ ಜೂನ್ 11ರಂದು ವಿವಿಯನ್ ಮಲೋನ್, ಜೇಮ್ಸ್ ಹುಡ್ ಎಂಬ ಇಬ್ಬರು ಕಪ್ಪು ವಿದ್ಯಾರ್ಥಿಗಳು ಇಲ್ಲಿ ಹೆಸರು ನೋಂದಾಯಿಸಲು ಬಂದಾಗ ರಾಜ್ಯದ ಗವರ್ನರ್ ಜಾರ್ಜ್ ವಾಲೇಸ್ ಖುದ್ದಾಗಿ ಬಾಗಿಲಲ್ಲಿ ನಿಂತು ತಡೆದಿದ್ದರು. ಫುಟ್‌ಬಾಲ್ ತಂಡದಲ್ಲಿ ಕಪ್ಪು ಆಟಗಾರರು ಕಣಕ್ಕಿಳಿಯಲು 1971 ಆಗಬೇಕಾಯಿತು. ಕ್ವಾರ್ಟರ್‌ಬ್ಯಾಕ್ ಜಾಗ ಸಿಗಲು ಇನ್ನೂ ತಡ. ವಾಲ್ಟರ್ ಲೂಯಿಸ್ ಆ ಜಾಗಕ್ಕೆ ಬಂದದ್ದು ಎಂಬತ್ತರ ದಶಕದ ಆರಂಭದಲ್ಲಿ. ಓಡಲು, ಹಿಡಿಯಲು, ತಡೆಯಲು ಕಪ್ಪು ಹುಡುಗರು ಬೇಕು, ಆಲೋಚಿಸಿ ಆಡಿಸುವ ಜಾಗಕ್ಕೆ ಬೇಡ ಎಂಬ ಪೂರ್ವಗ್ರಹ ಅಮೆರಿಕದ ಫುಟ್‌ಬಾಲ್‌ನಲ್ಲಿ ದಶಕಗಳ ಕಾಲ ನಡೆಯಿತು. ಹರ್ಟ್ಸ್‌ನ ಬಗ್ಗೆಯೂ ‘ಓಡುತ್ತಾನೆ, ಎಸೆಯಲು ಬರುವುದಿಲ್ಲ’ ಎಂಬ ಮಾತು ಮೊದಲ ವರ್ಷದಿಂದಲೇ ಇತ್ತು. ಎಸೆತದಲ್ಲಿ ಕೊರತೆ ಇದ್ದದ್ದು ನಿಜವೇ. ಆದರೆ ಅದೇ ಕೊರತೆಯಿದ್ದ ಬೇರೆಯವರಿಗೆ ಕಲಿಯಲು ಸಮಯ ಕೊಡುವಾಗಿನ ಉದಾರತೆ ಇವನ ವಿಷಯದಲ್ಲಿ ಕಾಣುತ್ತಿರಲಿಲ್ಲ.

ಆ ಮೊದಲ ವರ್ಷ 954 ಗಜ ಓಡಿ, 23 ಟಚ್‌ಡೌನ್ ಎಸೆದು, ತನ್ನ ವಲಯವಾದ ಎಸ್‌ಇಸಿಯ ವರ್ಷದ ಆಕ್ರಮಣ ಆಟಗಾರನೆನಿಸಿಕೊಂಡ. ಫೈನಲ್ ಕ್ಲೆಮ್ಸನ್ ವಿರುದ್ಧ. ಆಟ ಮುಗಿಯಲು ಎರಡು ನಿಮಿಷ ಏಳು ಸೆಕೆಂಡು ಇದ್ದಾಗ ಹರ್ಟ್ಸ್ 30 ಗಜ ಓಡಿ ಟಚ್‌ಡೌನ್ ಮಾಡಿದ, ಅಲಬಾಮ 31–28. ಅದೇ ಕೊನೆಯ ಅಂಕವಾಗಿದ್ದರೆ ಇಂದು ಟಸ್ಕಲೂಸದಲ್ಲಿ ಅವನ ಕಥೆಯನ್ನು ಬೇರೆ ರೀತಿ ಹೇಳುತ್ತಿದ್ದರು. ಎದುರಾಳಿ ಕ್ವಾರ್ಟರ್‌ಬ್ಯಾಕ್ ಡೆಶಾನ್ ವಾಟ್ಸನ್ ಉಳಿದ ಸಮಯದಲ್ಲಿ ತಂಡವನ್ನು ಮುಂದೆ ಸಾಗಿಸಿ, ಕೊನೆಯ ಸೆಕೆಂಡು ಬಾಕಿ ಇರುವಾಗ ಹಂಟರ್ ರೆನ್‌ಫ್ರೋಗೆ ಚೆಂಡು ಎಸೆದ. 35–31. ಅವನಾಡಿದ ಮೊದಲ ವರ್ಷದಲ್ಲಿ ಅಲಬಾಮ ಸೋತ ಒಂದೇ ಪಂದ್ಯ ಅದು.

ಮರುವರ್ಷ ಮತ್ತೆ ಫೈನಲ್, ಅಟ್ಲಾಂಟಾದ ಮರ್ಸಿಡಿಸ್-ಬೆಂಝ್ ಕ್ರೀಡಾಂಗಣ, ಎದುರು ಜಾರ್ಜಿಯಾ. ಮೊದಲರ್ಧದಲ್ಲಿ ಹರ್ಟ್ಸ್ ಎಸೆದದ್ದು ಎಂಟು, ಕೈಸೇರಿದ್ದು ಮೂರು, ಸಿಕ್ಕ ದೂರ 21 ಗಜ. ಸ್ಕೋರು 0–13. ಡ್ರೆಸ್ಸಿಂಗ್ ಕೋಣೆಯಿಂದ ತಂಡ ಹೊರಗೆ ಬಂದಾಗ ಚೆಂಡು ಹವಾಯಿಯಿಂದ ಬಂದ ಮೊದಲ ವರ್ಷದ ಹುಡುಗ ಟುವಾ ಟಾಗೊವೈಲೋವಾನ ಕೈಯಲ್ಲಿತ್ತು. ಎಡಗೈಯಲ್ಲಿ ಎಸೆಯುವ, ಎಸೆತದಲ್ಲಿ ಜನ್ಮಜಾತ ಸೊಗಸಿದ್ದ ಹುಡುಗ. ಅವನು ಮೂರು ಟಚ್‌ಡೌನ್ ಎಸೆದ. ಮೂರನೆಯದು ಓವರ್‌ಟೈಮ್‌ನಲ್ಲಿ: ಹಿಂದಿನ ಯತ್ನದಲ್ಲಿ ಹದಿನಾರು ಗಜ ಹಿಂದಕ್ಕೆ ಬಿದ್ದು ತಂಡ ಮುಳುಗಿತು ಅನ್ನಿಸಿದ್ದಾಗ, 41 ಗಜ ದೂರದಲ್ಲಿ ಓಡುತ್ತಿದ್ದ ಡಿವಾಂಟಾ ಸ್ಮಿತ್‌ನ ಕೈಗೆ. 26–23.

ಸೇಬನ್ ತಪ್ಪು ಮಾಡಿದರು ಎಂದು ನಾನು ಹೇಳಲಾರೆ. ಗೆಲ್ಲಲೇಬೇಕಾದ ರಾತ್ರಿ ಕೋಚ್ ಮಾಡಬೇಕಾದ್ದನ್ನು ಅವರು ಮಾಡಿದರು, ಗೆದ್ದರು. ಹೊರಗೆ ನಿಂತಿದ್ದ ಹರ್ಟ್ಸ್‌ನ ಕಡೆಗೂ ಕ್ಯಾಮೆರಾ ಮತ್ತೆ ಮತ್ತೆ ತಿರುಗುತ್ತಿತ್ತು. ಟುವಾ ಅಂಗಳದಿಂದ ಬಂದಾಗಲೆಲ್ಲ ಇವನು ಹತ್ತಿರ ಹೋಗಿ ಬೆನ್ನು ತಟ್ಟುತ್ತಿದ್ದ. ಪಂದ್ಯ ಮುಗಿದಮೇಲೆ ಮೈಕುಗಳ ಮುಂದೆ ನಿಂತು ಗೆಳೆಯನನ್ನು ಹೊಗಳಿದ. ಇಷ್ಟೆಲ್ಲ ಜನ ನೋಡಿ ಮೆಚ್ಚಿದ ಭಾಗ. ನನಗೆ ಹೆಚ್ಚು ಮುಖ್ಯವೆನಿಸುವುದು ಆಮೇಲಿನ ತಿಂಗಳುಗಳು.

ಬೇರೆ ವಿಶ್ವವಿದ್ಯಾಲಯಕ್ಕೆ ಹೋಗುವುದು ಆಗ ಸುಲಭವಿರಲಿಲ್ಲ. ಪದವಿ ಮುಗಿಸದೆ ತಂಡ ಬದಲಾಯಿಸಿದರೆ ಸಾಮಾನ್ಯವಾಗಿ ಒಂದು ವರ್ಷ ಆಡುವಂತಿರಲಿಲ್ಲ. ಪದವಿ ಮುಗಿಸಿದ್ದರೆ ಆ ಅಡ್ಡಿಯಿಲ್ಲ. ಹರ್ಟ್ಸ್‌ಗೆ ಪದವಿಗೆ ಇನ್ನು ಒಂದು ವರ್ಷಕ್ಕಿಂತ ಕಡಿಮೆ ಓದು ಬಾಕಿ ಇತ್ತು. ಮಗನಿಗೆ ಜಾಗ ಸಿಗದಿದ್ದರೆ ಕಾಲೇಜು ಫುಟ್‌ಬಾಲ್ ಕಂಡ ಅತಿದೊಡ್ಡ ಫ್ರೀ ಏಜೆಂಟ್ (ಇಷ್ಟವಾದ ತಂಡ ಸೇರಬಲ್ಲ ಆಟಗಾರ) ಅವನೇ ಆಗುತ್ತಾನೆ ಎಂದು ತಂದೆ ಆ ವಸಂತದಲ್ಲಿ ಪತ್ರಕರ್ತರಿಗೆ ಹೇಳಿದರು; ಅಲಬಾಮದ ಅಭಿಮಾನಿಗಳು ಸಿಡಿಮಿಡಿಗೊಂಡರು. ಆಗಸ್ಟ್‌ನಲ್ಲಿ ಹರ್ಟ್ಸ್ ತಾನೇ ಬಾಯಿಬಿಟ್ಟ. ಇಷ್ಟು ದಿನ ನನ್ನ ಬಗ್ಗೆ ಎಲ್ಲರೂ ಮಾತಾಡಿದರು, ನಿನಗೆ ಏನನ್ನಿಸುತ್ತಿದೆ ಎಂದು ಕೋಚ್‌ಗಳೂ ಸೇರಿ ಒಬ್ಬರೂ ಕೇಳಲಿಲ್ಲ ಎಂಬರ್ಥದ ಮಾತನ್ನು ವರದಿಗಾರರ ಮುಂದೆ ತಣ್ಣಗೆ ಹೇಳಿದ. ಸೇಬನ್ ತಂಡದಲ್ಲಿ ಆಟಗಾರನೊಬ್ಬ ಹೀಗೆ ಮಾತಾಡುವುದು ತೀರ ಅಪರೂಪವಾಗಿತ್ತು. ತಾಳ್ಮೆಯ ಕಥೆ ಹೇಳುವವರು ಈ ಮಾತನ್ನು ಬಿಟ್ಟುಬಿಡುತ್ತಾರೆ. ನನ್ನ ಕಣ್ಣಲ್ಲಿ ಅವನು ಬೆಳೆದದ್ದು ಆ ದಿನ.

ಸೆಪ್ಟೆಂಬರ್‌ನಲ್ಲಿ ಟುವಾ ಮೊದಲ ಸ್ಥಾನದಲ್ಲಿದ್ದ. ಆ ವರ್ಷವಷ್ಟೇ ಹೊಸ ನಿಯಮವೊಂದು ಬಂದಿತ್ತು: ನಾಲ್ಕು ಪಂದ್ಯದವರೆಗೆ ಆಡಿ ನಿಲ್ಲಿಸಿದರೆ ಆ ವರ್ಷ ಆಟಗಾರನ ಲೆಕ್ಕಕ್ಕೆ ಬರುವುದಿಲ್ಲ, ಆಡುವ ಅವಕಾಶ ಒಂದು ವರ್ಷ ಉಳಿಯುತ್ತದೆ. ಕ್ಲೆಮ್ಸನ್‌ನಲ್ಲಿ ಇಂಥದೇ ಸ್ಥಿತಿಯಲ್ಲಿದ್ದ ಕೆಲ್ಲಿ ಬ್ರಯಾಂಟ್ ನಾಲ್ಕು ಪಂದ್ಯ ಮುಗಿದ ಕೂಡಲೇ ತಂಡ ಬಿಟ್ಟ. ಅದು ಅವನ ಹಕ್ಕು, ಅದರಲ್ಲಿ ದೂರುವಂಥದ್ದೇನಿಲ್ಲ. ಹರ್ಟ್ಸ್ ಐದನೆಯ ಪಂದ್ಯಕ್ಕೂ ಇಳಿದ. ಇಳಿಯುತ್ತಿದ್ದುದು ಬಹುಪಾಲು ಪಂದ್ಯ ಕೈಗೆ ಬಂದು, ಜನ ಮನೆ ಕಡೆ ಹೊರಟಮೇಲೆ. ಆ ಬಿಡಿ ಹೊತ್ತುಗಳನ್ನು ಅವನು ಹೇಗೆ ಬಳಸಿಕೊಂಡ ಎಂಬುದು ಅಂಕಿಗಳಲ್ಲೇ ಇದೆ. ಹಿಂದಿನ ವರ್ಷ ಅವನ ನೂರು ಎಸೆತಗಳಲ್ಲಿ ಕೈಸೇರುತ್ತಿದ್ದದ್ದು 60. ಬೆಂಚಿನ ವರ್ಷ 70 ಎಸೆತದಲ್ಲಿ 51, ಅಂದರೆ ನೂರಕ್ಕೆ ಹತ್ತಿರಹತ್ತಿರ 73. ಎಸೆತಗಳ ಸಂಖ್ಯೆ ಕಡಿಮೆ, ಎದುರಾಳಿಗಳು ದಣಿದವರು, ಒಪ್ಪೋಣ. ಆದರೆ ಮೊದಲೆಲ್ಲ ಬಯಲು ಸ್ವಲ್ಪ ಕಂಡರೂ ಓಡಿಬಿಡುತ್ತಿದ್ದವನು ಈಗ ನಿಂತು, ಎರಡನೆಯ ಮೂರನೆಯ ಆಯ್ಕೆಯವರೆಗೂ ಕಣ್ಣು ಹಾಯಿಸಿ ಎಸೆಯುತ್ತಿದ್ದ. ಅದು ಯಾರ ಕಣ್ಣಿಗೂ ಬೀಳುವಂತಿತ್ತು.

ಡಿಸೆಂಬರ್ 1, ಎಸ್‌ಇಸಿ ಫೈನಲ್. ಮತ್ತೆ ಅಟ್ಲಾಂಟಾ, ಅದೇ ಕ್ರೀಡಾಂಗಣ, ಅದೇ ಜಾರ್ಜಿಯಾ. ಮೂರನೆಯ ಕ್ವಾರ್ಟರ್‌ನಲ್ಲಿ ಅಲಬಾಮ 14–28ರಲ್ಲಿ ಹಿಂದಿತ್ತು. ಕೊನೆಯ ಕ್ವಾರ್ಟರ್ ಹೊತ್ತಿಗೆ ಅಂತರ ಏಳಕ್ಕೆ ಇಳಿದಿತ್ತು. ಆಗ ಟುವಾನ ಪಾದದ ಮೇಲೆ ಅವನದೇ ತಂಡದವನು ಹಿಂದಕ್ಕೆ ಹೆಜ್ಜೆಯಿಟ್ಟ, ಪಾದದ ಕೀಲು ಉಳುಕಿತು. ಹರ್ಟ್ಸ್ ಹೆಲ್ಮೆಟ್ ಹಾಕಿಕೊಂಡು ಒಳಗೆ ಓಡಿದ. ಹನ್ನೊಂದು ತಿಂಗಳ ಹಿಂದೆ ಎಂಟಕ್ಕೆ ಮೂರು ಎಸೆದಿದ್ದ ನೆಲದಲ್ಲಿ ಈಗ ಒಂಬತ್ತಕ್ಕೆ ಏಳು. ಜೆರ್ರಿ ಜೂಡಿಗೆ ಹತ್ತು ಗಜದ ಟಚ್‌ಡೌನ್ ಎಸೆದು ಅಂಕ ಸಮಮಾಡಿದ. ಜಾರ್ಜಿಯಾ ಒದೆಯುವಂತೆ ನಟಿಸಿ ಓಡುವ ಯುಕ್ತಿ ಹೂಡಿ ಕೈಸುಟ್ಟುಕೊಂಡಿತು. ಚೆಂಡು ಅಂಗಳದ ನಡುವೆಯೇ ಅಲಬಾಮಕ್ಕೆ ಸಿಕ್ಕಿತು. ಒಂದು ನಿಮಿಷ ನಾಲ್ಕು ಸೆಕೆಂಡು ಉಳಿದಿದ್ದಾಗ ಹರ್ಟ್ಸ್ ಚೆಂಡು ಹಿಡಿದು ತಾನೇ ನುಗ್ಗಿದ. ಹದಿನೈದು ಗಜ, ಟಚ್‌ಡೌನ್, 35–28.

ಪಂದ್ಯ ಮುಗಿದಮೇಲೆ ಟಿ.ವಿ. ಮೈಕಿನ ಮುಂದೆ ಸೇಬನ್ ಅವರ ಗಂಟಲು ಕಟ್ಟಿತು. ಇಷ್ಟು ಗೆದ್ದವನೊಬ್ಬ ಜಾಗ ಕಳಕೊಂಡೂ ಹೀಗೆ ತಯಾರಾಗಿ ನಿಲ್ಲುವುದನ್ನು ತಾವು ಕಂಡಿಲ್ಲ ಎಂದರು. ಅದೇ ತಿಂಗಳು ಹರ್ಟ್ಸ್ ಪದವಿ ಪಡೆದ, ಮೂರು ವರ್ಷಕ್ಕಿಂತ ಕಡಿಮೆ ಅವಧಿಯಲ್ಲಿ. ಜನವರಿಯಲ್ಲಿ ಓಕ್ಲಹೋಮಕ್ಕೆ ಹೊರಟ. ಯಾರ ಅಪ್ಪಣೆಯೂ ಬೇಕಿರಲಿಲ್ಲ, ಒಂದು ವರ್ಷ ಕಾಯಬೇಕಾಗಿಯೂ ಇರಲಿಲ್ಲ. ಬೆಂಚಿನ ಮೇಲೆ ಕೂತು ಅವನು ಸಂಪಾದಿಸಿಕೊಂಡದ್ದು ಆ ಸ್ವಾತಂತ್ರ್ಯವನ್ನು.

ಓಕ್ಲಹೋಮದಲ್ಲಿ ಕೋಚ್ ಲಿಂಕನ್ ರೈಲಿ ತರಬೇತಿ ಕೊಟ್ಟ ಬೇಕರ್ ಮೇಫೀಲ್ಡ್ 2017ರಲ್ಲಿ, ಕೈಲರ್ ಮರ್ರಿ 2018ರಲ್ಲಿ ಕಾಲೇಜು ಫುಟ್‌ಬಾಲ್‌ನ ಅತ್ಯುನ್ನತ ಹೈಸ್ಮನ್ ಪ್ರಶಸ್ತಿ ಗೆದ್ದಿದ್ದರು. ಆ ಜಾಗದಲ್ಲಿ ಕೂರುವುದು ಹಗುರವಲ್ಲ. ಮೊದಲ ಪಂದ್ಯದಲ್ಲೇ ಹರ್ಟ್ಸ್ ಆರು ಟಚ್‌ಡೌನ್‌ಗಳಿಗೆ ಕಾರಣನಾದ. ನವೆಂಬರ್ 16ರಂದು ಬೇಲರ್ ವಿರುದ್ಧ 3–28ರಲ್ಲಿ ಹಿಂದಿದ್ದ ತಂಡವನ್ನು 34–31ಕ್ಕೆ ಎತ್ತಿ ತಂದ. ಅದೇ ದಿನ ನೂರಾರು ಮೈಲಿ ಆಚೆ ಮಿಸಿಸಿಪ್ಪಿಯಲ್ಲಿ ಟುವಾನ ಸೊಂಟದ ಕೀಲು ತಪ್ಪಿ, ಅಲಬಾಮದಲ್ಲಿ ಅವನ ಆಟ ಮುಗಿಯಿತು. ಮೊದಲನೆಯವನ ಜಾಗ ಎಷ್ಟು ಅಭದ್ರ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಇಬ್ಬರ ನಡುವೆ ಹಗೆ ಹುಡುಕಿದವರಿಗೆ ಎಂದೂ ಏನೂ ಸಿಗಲಿಲ್ಲ.

ಆ ಋತುವಿನಲ್ಲಿ ಹರ್ಟ್ಸ್ ಎಸೆದದ್ದು 3,851 ಗಜ, ಓಡಿದ್ದು 1,298 ಗಜ; ಎಸೆದು 32, ಓಡಿ 20 ಟಚ್‌ಡೌನ್. ಹೈಸ್ಮನ್ ಮತದಾನದಲ್ಲಿ ಎರಡನೆಯವನಾದ. ಮೊದಲನೆಯವನು ಲೂಯಿಸಿಯಾನ ಸ್ಟೇಟ್‌ನ ಜೋ ಬರೋ, ಅವನೂ ಓಹಾಯೊ ಸ್ಟೇಟ್‌ನ ಬೆಂಚು ಕಾದು ತಂಡ ಬದಲಿಸಿದವನೇ. ಸೆಮಿಫೈನಲ್‌ನಲ್ಲಿ ಇಬ್ಬರೂ ಎದುರಾದರು. ಬರೋ ಮೊದಲರ್ಧದಲ್ಲೇ ಏಳು ಟಚ್‌ಡೌನ್ ಎಸೆದ, 63–28. ಹರ್ಟ್ಸ್‌ನ ಕಾಲೇಜು ಜೀವನ ಮುಗಿದದ್ದು ಆ ಸೋಲಿನಲ್ಲಿ.

ವೃತ್ತಿಪರ ತಂಡಗಳು 2020ರ ಏಪ್ರಿಲ್‌ನಲ್ಲಿ ಆಟಗಾರರನ್ನು ಆರಿಸಿಕೊಂಡಾಗ ಬರೋ ಮೊದಲನೆಯವ, ಟುವಾ ಐದನೆಯವ, ಹರ್ಟ್ಸ್ ಐವತ್ತಮೂರನೆಯವ. ಆರಿಸಿದ ಫಿಲಡೆಲ್ಫಿಯಾ ಈಗಲ್ಸ್‌ನಲ್ಲಿ ದುಬಾರಿ ಕ್ವಾರ್ಟರ್‌ಬ್ಯಾಕ್ ಕಾರ್ಸನ್ ವೆಂಟ್ಜ್ ಆಗಲೇ ಇದ್ದ, ಹಾಗಾಗಿ ಮತ್ತೆ ಬೆಂಚು. ಡಿಸೆಂಬರ್ ಹೊತ್ತಿಗೆ ಜಾಗ ಇವನದಾಯಿತು. 2023ರ ಫೆಬ್ರವರಿಯಲ್ಲಿ ವೃತ್ತಿಪರ ಆಟದ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ಓಡಿ ಮೂರು ಟಚ್‌ಡೌನ್ ಮಾಡಿದ. ಒಮ್ಮೆ ಚೆಂಡು ಕೈಜಾರಿ ಎದುರಾಳಿಯ ಟಚ್‌ಡೌನ್ ಆಯಿತು. ತಂಡ 35–38ರಿಂದ ಸೋತಿತು. ಎರಡೂ ತಂಡಗಳ ಕ್ವಾರ್ಟರ್‌ಬ್ಯಾಕ್‌ಗಳು ಕಪ್ಪು ಆಟಗಾರರಾಗಿದ್ದ ಮೊದಲ ಸೂಪರ್ ಬೌಲ್ ಅದು. ಎದುರಾಳಿಯ ಗೆಲುವಿಗೆ ಸುರಿಯುತ್ತಿದ್ದ ಬಣ್ಣದ ಕಾಗದದ ಚೂರುಗಳ ನಡುವೆ ತಾನು ಹೊರನಡೆಯುತ್ತಿರುವ ಫೋಟೊವನ್ನು ಅವನು ಫೋನಿನ ಪರದೆಗೆ ಹಾಕಿಕೊಂಡ. 2025ರ ಫೆಬ್ರವರಿ 9ರಂದು ಅದೇ ಎದುರಾಳಿ ಕ್ಯಾನ್ಸಸ್ ಸಿಟಿಯನ್ನು ಈಗಲ್ಸ್ 40–22ರಿಂದ ಸೋಲಿಸಿತು, ಪಂದ್ಯಶ್ರೇಷ್ಠ ಹರ್ಟ್ಸ್. 22 ಎಸೆತಗಳಲ್ಲಿ 17 ಕೈಸೇರಿದ್ದವು. ಅವುಗಳಲ್ಲಿ ಅತಿ ಉದ್ದದ್ದು 46 ಗಜದ ಟಚ್‌ಡೌನ್. ಹಿಡಿದವನು ಡಿವಾಂಟಾ ಸ್ಮಿತ್.

ಹರ್ಟ್ಸ್‌ನ ಕಾಲದ ಕಾಲೇಜು ಫುಟ್‌ಬಾಲ್ ಈಗ ಇಲ್ಲ. 2021ರಿಂದ ವಿದ್ಯಾರ್ಥಿಗಳು ತಮ್ಮ ಹೆಸರು, ಚಿತ್ರಗಳಿಂದ ಹಣ ಗಳಿಸಬಹುದು. 2025ರಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಕೊಡಬಹುದು, ವರ್ಷಕ್ಕೆ ಒಂದೊಂದು ಎರಡು ಕೋಟಿ ಡಾಲರಿಗೂ ಮಿಕ್ಕಿ. ವರ್ಷ ಕಾಯದೆ ತಂಡ ಬದಲಾಯಿಸಬಹುದು. ಇಂದು ಫೈನಲ್‌ನ ವಿರಾಮದಲ್ಲಿ ಯಾರನ್ನಾದರೂ ಹೊರಗೆ ಕೂರಿಸಿದರೆ ವಾರದೊಳಗೆ ಅವನು ಬೇರೆ ಊರಲ್ಲಿರುತ್ತಾನೆ. ಇದನ್ನು ಕಂಡು ಹಳಬರು ಮರುಗುತ್ತಾರೆ, ಹರ್ಟ್ಸ್‌ನನ್ನು ತೋರಿಸಿ ಇಂದಿನ ಹುಡುಗರನ್ನು ಗದರುತ್ತಾರೆ. ನಾನು ಆ ಕಡೆ ಇಲ್ಲ. ಲಕ್ಷ ಜನ ಟಿಕೆಟ್ ಕೊಂಡು ನೋಡುವ ಆಟವನ್ನು ಆಡಿದವನಿಗೆ ಪಾಲು ಸಿಗಬೇಕಾದ್ದೇ, ಬಹಳ ಹಿಂದೆಯೇ ಸಿಗಬೇಕಾಗಿತ್ತು. ಕೋಚ್‌ಗಳು ರಾತ್ರೋರಾತ್ರಿ ಹೆಚ್ಚಿನ ಸಂಬಳದ ಕಡೆ ಹೋಗುವಾಗ ಯಾರೂ ನಿಷ್ಠೆಯ ಮಾತೆತ್ತುವುದಿಲ್ಲ. ಹರ್ಟ್ಸ್ ಉಳಿದದ್ದು ಬಾಗಿಲು ಮುಚ್ಚಿತ್ತೆಂದಲ್ಲ; ಪದವಿ ಮುಗಿಯಬೇಕಿತ್ತು, ಎಸೆತ ತಿದ್ದಿಕೊಳ್ಳಬೇಕಿತ್ತು, ಅಷ್ಟು ಆದಮೇಲೆ ಹೊರಟ. ಹೊಸ ನಿಯಮಗಳಲ್ಲಿ ನನಗೆ ಚಿಂತೆ ಹುಟ್ಟಿಸುವುದು ಹಣವಲ್ಲ, ಓದು. ಮೂರು ವರ್ಷಕ್ಕೆ ಮೂರು ವಿಶ್ವವಿದ್ಯಾಲಯ ಸುತ್ತುವ ಹುಡುಗನ ಕ್ರೆಡಿಟ್‌ಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಪೂರ್ತಿ ವರ್ಗವಾಗುವುದಿಲ್ಲ. ವೃತ್ತಿಪರ ಆಟದವರೆಗೆ ಮುಟ್ಟುವವರು ನೂರಕ್ಕೆ ಒಬ್ಬಿಬ್ಬರು. ಉಳಿದವರಿಗೆ ಆ ಕಾಗದವೇ ಆಧಾರ.

2023ರ ಏಪ್ರಿಲ್‌ನಲ್ಲಿ ಹರ್ಟ್ಸ್ ಐದು ವರ್ಷಕ್ಕೆ 25.5 ಕೋಟಿ ಡಾಲರಿನ ಒಪ್ಪಂದಕ್ಕೆ ಸಹಿ ಹಾಕಿದ. ಮಾತುಕತೆ ನಡೆಸಿದ್ದು ಅವನ ಏಜೆಂಟ್ ನಿಕೋಲ್ ಲಿನ್. ಆಗ ಅವನ ವ್ಯವಹಾರ ನೋಡಿಕೊಳ್ಳುತ್ತಿದ್ದ ತಂಡದಲ್ಲಿ ಎಲ್ಲರೂ ಹೆಣ್ಣುಮಕ್ಕಳೇ ಇದ್ದರು. ಮರುತಿಂಗಳು, ತಾನು ಒಂದೇ ಋತು ಆಡಿದ್ದ ಓಕ್ಲಹೋಮ ವಿಶ್ವವಿದ್ಯಾಲಯದಿಂದ ಮಾನವ ಸಂಬಂಧಗಳ ವಿಷಯದಲ್ಲಿ ಸ್ನಾತಕೋತ್ತರ ಪದವಿ ಪಡೆದ.